ಮಳೆಯ ಗಂಧ, ಗುರುವಿನ ಧೈರ್ಯ

ಜಮಖಂಡಿ ಸೀಮೆಯ ಹುನ್ನೂರಿನ ಎರೆಹೊಲದ ಮೇಲೆ ಮೊದಲ ಮಳೆ ಬಿದ್ದೊಡನೆ ಏಳುವ ಪರಿಮಳಕ್ಕೆ ಮುಖ್ಯ ಕಾರಣವಾದ ಜಿಯೋಸ್ಮಿನ್ ಎಂಬ ದ್ರವ್ಯವನ್ನು ನೆಲದೊಳಗಿನ ಸ್ಟ್ರೆಪ್ಟೊಮೈಸಿಸ್ ಜೀವಾಣುಗಳು ಹುಟ್ಟಿಸುತ್ತವೆ. ಅದೇ ಗಂಧವನ್ನು ಇ. ಕೋಲಿ ಬ್ಯಾಕ್ಟೀರಿಯಾದಿಂದ ಹೊರಡಿಸುವ ಸಾಹಸವನ್ನು 2009ರ ಐಜೆಮ್ ಎಂಬ ಅಂತರರಾಷ್ಟ್ರೀಯ ಸಂಶ್ಲೇಷಿತ ಜೀವವಿಜ್ಞಾನ ಸ್ಪರ್ಧೆಗಾಗಿ ಕೈಗೊಂಡವರು ಬೆಂಗಳೂರಿನ ಸೃಷ್ಟಿ ಸಂಸ್ಥೆಯ ಕಲಾವಿದ್ಯಾರ್ಥಿಗಳು. ಜೀವವಿಜ್ಞಾನವನ್ನು ವಿಧಿವತ್ತಾಗಿ ಓದದ ಈ ತರುಣರ ಕೈಗೆ ಜೀನುಗಳನ್ನು ಒಪ್ಪಿಸಲು ಅಂಜದ ಕಲಾವಿದ ಯಶಸ್ ಶೆಟ್ಟಿಯವರಂಥ ಮಾರ್ಗದರ್ಶಕರ ಧೈರ್ಯವೇ, ನನ್ನ ಮತದಲ್ಲಿ, ಆ ಪ್ರಯೋಗಕ್ಕಿಂತ ಹಿರಿದಾದುದು. ಸೂಕ್ಷ್ಮದರ್ಶಕವನ್ನು ಕಪಾಟಿನಲ್ಲಿಟ್ಟು ಬೀಗ ಜಡಿಯುವ ನಮ್ಮ ಅಧ್ಯಾಪಕರು (ಒಡೆದರೆ ಉತ್ತರ ಹೇಳಬೇಕಾದವರು ಅವರೇ ತಾನೆ!) ಇದನ್ನು ಮನಗಾಣಬೇಕು. ಆ ಮಣ್ಣಿನ ವಾಸನೆಯನ್ನು ಹುಟ್ಟಿನಿಂದ ಬಲ್ಲ ಜಮಖಂಡಿ ಸೀಮೆಯ ರೈತರ ಮಕ್ಕಳಿಗೆ, ಅದರ ಮೂಲವನ್ನು ತಾವೇ ಶೋಧಿಸುವ ಅವಕಾಶವನ್ನು ಪದವಿ ತರಗತಿಯ ಮೊದಲ ವರ್ಷದಲ್ಲಿಯೇ ಕೊಡತಕ್ಕದ್ದು.