ಎಲೆ ಫೋಟೋ ಸಾಕಾ?

ಎಲೆ ಫೋಟೋ ನೋಡಿ ರೋಗ ಹೇಳೋ ಆ್ಯಪ್ ಇಲ್ಲದ ಪ್ರಾಜೆಕ್ಟ್ ಎಕ್ಸಿಬಿಷನ್ ನಾವು ನೋಡಿಲ್ಲ. ಕಲಬುರಗಿಯ ತೊಗರಿಗೆ ಬರೋ ನೆಟೆ ರೋಗಕ್ಕೆ ಮಾತ್ರ ಅದು ಉಪಯೋಗಕ್ಕೆ ಬರಲ್ಲ. ಫ್ಯುಸೇರಿಯಂ ಶಿಲೀಂಧ್ರ ಮಣ್ಣಿನಿಂದ ಬೇರಿಗೆ ಹೊಕ್ಕು ನೀರಿನ ನಾಳಗಳನ್ನೇ ಮುಚ್ಚುತ್ತದೆ. ಎಲೆ ಬಾಡುವಷ್ಟರಲ್ಲಿ ಗಿಡದ ಕಥೆ ಮುಗಿದಿರುತ್ತೆ, ಅದೂ ಹೂವು-ಕಾಯಿ ಕಟ್ಟುವ ಹೊತ್ತಲ್ಲಿ!

ಉತ್ತರ ಇರೋದು ಬೀಜದಲ್ಲಿ. ಬೇಕಂತಲೇ ರೋಗ ತುಂಬಿದ ಮಣ್ಣಲ್ಲಿ ತಳಿಗಳನ್ನು ಬೆಳೆಸಿ, ಬದುಕಿದ್ದನ್ನು ಆರಿಸ್ತಾರೆ (ನಮ್ಮ ಸ್ಟ್ರೆಸ್ ಟೆಸ್ಟ್ ಇದ್ದಂಗೆ). ಇಕ್ರಿಸ್ಯಾಟ್‌ನ ಐಸಿಪಿ 8863 ಅಂಥದ್ದು. 1980ರ ದಶಕದಲ್ಲಿ ‘ಮಾರುತಿ’ ಹೆಸರಲ್ಲಿ ಕರ್ನಾಟಕದ ಹೊಲಕ್ಕಿಳಿಯಿತು. ಆಮೇಲೆ ಟಿಎಸ್-3ಆರ್ ಬಂತು.

ಆದರೆ ತೊಗರಿ ಹೂವಿಗೆ ಜೇನುಹುಳ ಬರುತ್ತೆ, ಪರಾಗ ಬೆರೆಯುತ್ತೆ. ಮನೆಯಲ್ಲಿ ಉಳಿಸಿಟ್ಟ ಬೀಜದಲ್ಲಿ ರೋಗ ತಡೆಯೋ ಗುಣ ವರ್ಷವರ್ಷಕ್ಕೂ ಕಲಬೆರಕೆ. ಬಿತ್ತನೆಗೆ ಮೊದಲೇ ಬೀಜದ ತಳಿಶುದ್ಧಿಯನ್ನು ಕಡಿಮೆ ಖರ್ಚಲ್ಲಿ ಪರೀಕ್ಷಿಸೋ ಸಾಧನ ಯಾರಾದ್ರೂ ಮಾಡ್ತೀರಾ? ಮಾಡಿದ್ರೆ ಮೊದಲ ಚಪ್ಪಾಳೆ ನಮ್ಮದೇ.