ಎಡಗೈ ಹುಡುಗಿ ಪಂದ್ಯಕ್ಕಿಳಿದಾಗ

ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ ಪ್ರಸಾದಕ್ಕೆ ಮಗು ಎಡಗೈ ಒಡ್ಡಿದರೆ ತಾಯಿ ಮೆಲ್ಲಗೆ ತಟ್ಟಿ ಬಲಗೈ ಚಾಚಿಸುತ್ತಾಳೆ. ಅಂಗಡಿಯಲ್ಲಿ ದುಡ್ಡು ಕೊಡುವಾಗಲೂ ಅಷ್ಟೆ. ಇದು ನಾಡಿನೆಲ್ಲೆಡೆ ಇರುವ ರೂಢಿ, ಇರಲಿ. ಅದೇ ತಟ್ಟುವಿಕೆ ಪಾಟಿ ಬಳಪಕ್ಕೂ ಆಟದ ಬಯಲಿಗೂ ಬಂದಾಗ ಮಾತ್ರ ಪಾಲಕರು ಯೋಚಿಸಬೇಕು. ಮಗು ಹೆಣ್ಣಾಗಿದ್ದರೆ ಇನ್ನೊಂದು ಮಾತೂ ಸೇರಿಕೊಳ್ಳುತ್ತದೆ: 'ಹುಡುಗಿಗ್ಯಾಕ ಈ ಪೈಪೋಟಿ?'

ಭೀಮೆ ದಾಟಿದರೆ ವಿಜಯಪುರ ಜಿಲ್ಲೆ. ಅಲ್ಲಿಯ ರಾಜೇಶ್ವರಿ ಗಾಯಕವಾಡ ಬ್ಯಾಟ್ ಹಿಡಿಯುವುದು ಬಲಗೈ ಆಟಗಾರ್ತಿಯಾಗಿ, ಚೆಂಡು ತಿರುಗಿಸುವುದು ಎಡಗೈಯಿಂದ. 2017ರ ವಿಶ್ವಕಪ್‌ನಲ್ಲಿ, ಇಂಗ್ಲೆಂಡಿನ ಡರ್ಬಿಯಲ್ಲಿ, ಗೆಲ್ಲಲೇಬೇಕಾಗಿದ್ದ ಪಂದ್ಯದಲ್ಲಿ ಅವರು 15 ರನ್ ಕೊಟ್ಟು 5 ವಿಕೆಟ್ ಕಿತ್ತರು. ನ್ಯೂಜಿಲೆಂಡ್ 79ಕ್ಕೆ ಕುಸಿಯಿತು. ಭಾರತ ಸೆಮಿಫೈನಲ್ ತಲುಪಿತು.

ಎಡಗೈಯವರಲ್ಲಿ ಗೆಲ್ಲುವ ಹಟ ಹೆಚ್ಚೇ? ಹಾಗೆನ್ನುವ ಅವಸರ ಬೇಡ. ಜಗತ್ತಿನಲ್ಲಿ ಹತ್ತು ಜನರಲ್ಲಿ ಸುಮಾರು ಒಬ್ಬರು ಎಡಗೈಯವರು. ಗಂಡಸರಲ್ಲಿ ತುಸು ಹೆಚ್ಚು. ಆದರೆ ಎದುರಾಳಿಯ ಮುಖಾಮುಖಿ ನಡೆಯುವ ಟೇಬಲ್ ಟೆನಿಸ್, ಕತ್ತಿವರಸೆಯಂಥ ಆಟಗಳ ಮೇಲಿನ ಹಂತಗಳಲ್ಲಿ ಅವರ ಪಾಲು ಏರುತ್ತದೆ. ಕಾರಣ ಸರಳ: ಬಹುತೇಕ ಎಲ್ಲರೂ ಬಲಗೈಯವರ ಎದುರೇ ಅಭ್ಯಾಸ ಮಾಡಿರುತ್ತಾರೆ. ಅಪರೂಪದ ಕೈ ಎದುರಾದಾಗ ಲೆಕ್ಕ ತಪ್ಪುತ್ತದೆ. ಈ ಲಾಭ ಅಪರೂಪದ್ದು, ಹಟದ್ದಲ್ಲ. ಎಲ್ಲರೂ ಎಡಚರಾದರೆ ಅದೂ ಹೋಯಿತು.

ಇನ್ನು ಹೆಣ್ಣಿನ ಮಾತು. ಯೂರಿ ನೀಜಿ ಮತ್ತು ಅವರ ಇಬ್ಬರು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಸ್ವಾರಸ್ಯಕರ. ಮೂರು ಮೀಟರ್ ದೂರದ ಬಕೆಟ್‌ಗೆ ಹತ್ತು ಬಾರಿ ಚೆಂಡು ಎಸೆಯಬೇಕು. ಬಿದ್ದ ಪ್ರತಿ ಚೆಂಡಿಗೂ ಇಷ್ಟು ಎಂದು ಹಣ ಪಡೆಯಬಹುದು. ಇಲ್ಲವೇ ಕಾಣದ ಎದುರಾಳಿಯ ಜೊತೆ ಪಂದ್ಯ ಕಟ್ಟಬಹುದು. ಗೆದ್ದರೆ ಮೂರು ಪಟ್ಟು, ಸೋತರೆ ಏನೂ ಇಲ್ಲ. ಟಾಂಜಾನಿಯಾದ ಮಸಾಯಿ ಜನರಲ್ಲಿ ಯಜಮಾನಿಕೆ ಗಂಡಸರದು. ಅಲ್ಲಿ ಶೇ. 50ರಷ್ಟು ಗಂಡಸರು ಪಂದ್ಯ ಬಯಸಿದರೆ ಹೆಂಗಸರು ಶೇ. 26 ಮಾತ್ರ. ನಮ್ಮದೇ ಮೇಘಾಲಯದ ಖಾಸಿಗಳಲ್ಲಿ ಮನೆತನದ ಹೆಸರು ತಾಯಿಯ ಕಡೆಯಿಂದ, ಪಿತ್ರಾರ್ಜಿತ ಆಸ್ತಿ (ಮಾತ್ರಾರ್ಜಿತ ಎನ್ನಬೇಕೇನೋ!) ಕಿರಿಯ ಮಗಳಿಗೆ. ಅಲ್ಲಿ ಲೆಕ್ಕ ತಿರುಗುಮುರುಗು: ಹೆಂಗಸರು ಶೇ. 54, ಗಂಡಸರು ಶೇ. 39.

ಪೈಪೋಟಿ ಹೆಣ್ಣಿನ ಸ್ವಭಾವಕ್ಕೆ ಒಗ್ಗದು ಎನ್ನುವವರು ಖಾಸಿ ಹೆಂಗಸರಿಗೆ ಏನು ಹೇಳುತ್ತಾರೆ? ಹಾಗೆಂದು ಮೇಘಾಲಯದಲ್ಲೂ ಎಲ್ಲರೂ ಪಂದ್ಯ ಕಟ್ಟಲಿಲ್ಲ. ಮಸಾಯಿ ಹೆಂಗಸರಲ್ಲೂ ನಾಲ್ವರಲ್ಲಿ ಒಬ್ಬಳು ಕಟ್ಟಿದಳು. ನಿಮ್ಮ ಮಗಳು ಯಾವ ಬಗೆಯವಳೆಂದು ತಿಳಿಯಬೇಕಾದರೆ ಮೊದಲು ಅವಳ ಕೈಗೆ ಚೆಂಡು ಕೊಡಬೇಕು.

ಶಾಲೆಗೆ ಹೋಗುವ ಎಡಗೈ ಮಗುವಿಗೆ ಇನ್ನೆರಡು ಸೌಕರ್ಯ ಬೇಕು. ಕನ್ನಡ ಎಡದಿಂದ ಬಲಕ್ಕೆ ಸಾಗುವ ಬರಹ. ಬರೆದ ಶಾಯಿಯ ಮೇಲೆಯೇ ಎಡಗೈ ಹಾಯುತ್ತದೆ. ಆದ್ದರಿಂದ ಪುಸ್ತಕದ ಮೇಲಂಚನ್ನು ತುಸು ಬಲಕ್ಕೆ ಓರೆಯಾಗಿಟ್ಟುಕೊಂಡು, ಗೆರೆಯ ಕೆಳಗಿನಿಂದ ಬರೆಯುವುದನ್ನು ಕಲಿಸಿ. ತರಗತಿಯಲ್ಲಿ ಬೆಂಚಿನ ಎಡತುದಿಗೆ ಕೂರಿಸುವಂತೆ ಗುರುಗಳನ್ನು ಕೇಳಿಕೊಳ್ಳಿ. ಪಕ್ಕದವರ ಮೊಳಕೈ ತಾಗುವುದಿಲ್ಲ.