ಸರ್ವರ್ ಕೆಟ್ಟರೆ ಹೆಬ್ಬೆಟ್ಟಿಗೇಕೆ ಶಿಕ್ಷೆ?

“ಸರ್ವರ್ ಬರವಲ್ದು ಆಯಿ, ನಾಳಿ ಬಾ.”

“ನಿನ್ನೇನೂ ಹಂಗ ಅಂದಿ. ನಾ ಏನ್ ಹೆಬ್ಬಟ್ಟು ಮನ್ಯಾಗ ಬಿಟ್ಟ ಬಂದೀನೇನ ತಮ್ಮಾ?”

ಆಲಮಟ್ಟಿ ಕಡೆಯ ಹಳ್ಳಿಯೊಂದರ ನ್ಯಾಯಬೆಲೆ ಅಂಗಡಿ ಮುಂದೆ ಕೇಳಿದ ಮಾತಿದು. ಸಾಲಿನಲ್ಲಿದ್ದವರು ನಕ್ಕರು. ಆಯಿ ನಗಲಿಲ್ಲ. ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಮನೆ ದಾರಿ ಹಿಡಿದರು.

‘ಸರ್ವರ್ ಇಲ್ಲ’ ಎನ್ನುವುದು ನಮ್ಮ ಕಡೆ ಈಗ ‘ದೇವರಿಚ್ಛೆ’ ಇದ್ದ ಹಾಗೆ. ಅದನ್ನು ಕೇಳಿದ ಮೇಲೆ ಯಾರೂ ಮುಂದೆ ಪ್ರಶ್ನೆ ಮಾಡುವುದಿಲ್ಲ. ಮಾಡಬೇಕು.

ನೀವು ಬೆರಳಿಟ್ಟಾಗ ಯಂತ್ರ ಅದರ ಗುರುತನ್ನು ಗುಪ್ತ ಸಂಕೇತವಾಗಿಸಿ ಆಧಾರ್ ಸರ್ವರ್‌ಗೆ ಕಳಿಸುತ್ತದೆ. ಅಲ್ಲಿಂದ ‘ಹೌದು’ ಅಥವಾ ‘ಇಲ್ಲ’ ಎಂಬ ಉತ್ತರ ಬರುತ್ತದೆ. ‘ಇಲ್ಲ’ ಎಂದರೆ ಜೊತೆಗೊಂದು ಸಂಖ್ಯೆಯೂ ಬರುತ್ತದೆ. 300 ಎಂದರೆ ಬೆರಳಿನ ಗುರುತು ಹೊಂದಲಿಲ್ಲ. 330 ಎಂದರೆ ನಿಮ್ಮ ಬಯೋಮೆಟ್ರಿಕ್‌ಗೆ ಬೀಗ ಬಿದ್ದಿದೆ. 561 ಅಥವಾ 562 ಬಂದರೆ ಕಳಿಸಿದ ಕೋರಿಕೆಯ ಸಮಯ ತಪ್ಪಿದೆ. ಯಂತ್ರದ ಗಡಿಯಾರ ಹಿಂದೆಮುಂದೆ ಆಗಿದ್ದರೂ ಹೀಗಾಗುತ್ತದೆ. ಈ ಕೊನೆಯ ತಪ್ಪಿಗೂ ಆಯಿಯ ಬೆರಳಿಗೂ ಸಂಬಂಧವೇ ಇಲ್ಲ. ಆದರೂ ಎಲ್ಲದಕ್ಕೂ ಅಂಗಡಿಯಲ್ಲಿ ಉತ್ತರ ಒಂದೇ: ನಾಳೆ ಬಾ.

ಭದ್ರತೆ ಬೇಡವೆಂದು ನಾನು ಹೇಳುತ್ತಿಲ್ಲ. ಆಸ್ತಿ ನೋಂದಣಿ ಪತ್ರಗಳಲ್ಲಿನ ಹೆಬ್ಬೆಟ್ಟು ಗುರುತು ನಕಲು ಮಾಡಿ ಬ್ಯಾಂಕ್ ಖಾತೆಯಿಂದ ಹಣ ಎಗರಿಸಿದ ಪ್ರಕರಣಗಳು 2023ರಲ್ಲಿ ಮಂಗಳೂರು, ಬೆಂಗಳೂರು ಕಡೆ ಬೆಳಕಿಗೆ ಬಂದವು. ಅದಕ್ಕೇ ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಎಂಬ ಸಲಹೆ ಹರಡಿತು. ಬೆರಳಚ್ಚನ್ನು ಯಂತ್ರದ ಒಳಗೇ ಭದ್ರಪಡಿಸುವ ಎಲ್-1 ಸಾಧನಗಳು ಬಂದವು, ಹಳೆಯ ಎಲ್-0 ಸಾಧನಗಳನ್ನು ಕೈಬಿಡುವುದಾಯಿತು. ಎಲ್ಲವೂ ಸರಿಯೇ. ಆದರೆ ಮಗ ಫೋನಿನಲ್ಲಿ ಹಾಕಿಕೊಟ್ಟ ಲಾಕ್ ತೆಗೆಯದೆ ಬೆರಳಿಟ್ಟರೆ ಅಕ್ಕಿ ಸಿಗುವುದಿಲ್ಲ ಎಂದು ಆಯಿಗೆ ಹೇಳಿದವರು ಯಾರು?

ಅಂಗಡಿಯವರನ್ನು ಬೈದು ಫಲವಿಲ್ಲ. ಸರ್ವರ್ ಅವರ ಕೈಯಲ್ಲಿಲ್ಲ, ಬೈಗುಳ ಮಾತ್ರ ಅವರ ಪಾಲಿಗೆ. ಆದರೆ ಅವರ ಕೈಯಲ್ಲಿ ಇರಬೇಕಾದ್ದೊಂದಿದೆ. ಕೇಂದ್ರ ಆಹಾರ ಇಲಾಖೆ 2017ರ ಅಕ್ಟೋಬರ್ 24ರಂದು ಎಲ್ಲ ರಾಜ್ಯಗಳಿಗೆ ಸೂಚನೆ ಕಳಿಸಿತು: ನೆಟ್‌ವರ್ಕ್ ಇಲ್ಲದ್ದಕ್ಕೆ, ಬೆರಳು ಹೊಂದದ್ದಕ್ಕೆ ಯಾರಿಗೂ ರೇಷನ್ ನಿರಾಕರಿಸಬಾರದು, ಕಾರ್ಡ್ ನೋಡಿ ಧಾನ್ಯ ಕೊಟ್ಟು, ಪ್ರತ್ಯೇಕ ರಿಜಿಸ್ಟರ್‌ನಲ್ಲಿ ಬರೆದುಕೊಳ್ಳಬೇಕು. ಆ ರಿಜಿಸ್ಟರ್ ನಿಮ್ಮೂರ ಅಂಗಡಿಯಲ್ಲಿ ನೋಡಿದ್ದೀರಾ?

ಮುಂದಿನ ಸಲ ಹೀಗೆ ಮಾಡಿ. ಪರದೆ ಮೇಲೆ ಯಾವ ಸಂಖ್ಯೆ ಬಂತು ಎಂದು ಕೇಳಿ, ಬರೆದುಕೊಳ್ಳಿ. 300 ಇದ್ದರೆ ಕೈ ತೊಳೆದು ಒರೆಸಿ ಬೇರೆ ಬೆರಳು ಇಡಿ. ಆಗಾಗ ಹೀಗಾಗುತ್ತಿದ್ದರೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಹೊಸದಾಗಿ ಕೊಡಿ. 330 ಇದ್ದರೆ ಲಾಕ್ ತೆಗೆಸಿ. ಬೇರೆ ಏನಿದ್ದರೂ ರಿಜಿಸ್ಟರ್ ಕೇಳಿ. ಕೊಡದಿದ್ದರೆ 1967ಕ್ಕೆ ಫೋನ್ ಮಾಡಿ.

ಸರ್ಕಾರಕ್ಕೂ ಒಂದು ಮಾತು. ನಮ್ಮ ಜಲಾಶಯಕ್ಕೆ 26 ಗೇಟುಗಳಿವೆ. ನೀರು ಬಿಡುವ ಮುನ್ನ ನದಿದಂಡೆಯ ಊರುಗಳಿಗೆ ಎಚ್ಚರಿಕೆ ಕೊಡುತ್ತಾರೆ, ಡಂಗುರ ಸಾರುತ್ತಾರೆ. ಸರ್ವರ್‌ಗೆ ಕೈ ಹಚ್ಚುವ ಮುನ್ನವೂ ಹಾಗೇ ಮುಂಚಿತವಾಗಿ ಹೇಳಲಿ. ರೇಷನ್ ಹಂಚುವ ದಿನಗಳನ್ನು ಬಿಟ್ಟು ಆ ಕೆಲಸ ಮಾಡಲಿ. ಕೆಟ್ಟು ನಿಂತರೆ ರಿಜಿಸ್ಟರ್ ತೆರೆಯಿರಿ ಎಂದು ಅದೇ ದಿನ ಅಂಗಡಿಗಳಿಗೆ ಆದೇಶ ಹೋಗಲಿ.

ಅಣೆಕಟ್ಟಿಗಾಗಿ ಹೊಲ, ಮನೆ ಬಿಟ್ಟುಕೊಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದ ಜನ ನಾವು. ನಮ್ಮ ಹೊಲ ನಮ್ಮದೇ ಎಂದು ಕಾಗದ ಹಿಡಿದು ಅಲೆದವರು. ಈಗ ನಮ್ಮ ಬೆರಳು ನಮ್ಮದೇ ಎಂದು ತೋರಿಸಲು ಮತ್ತೆ ಅಲೆಯಬೇಕೇ?